ಶಾಲಾ ಕ್ರೀಡಾ ಕಿಟ್: ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ಒಂದು ವರ್ಷದ ಬಳಕೆಯ ನಂತರ

ಕಳೆದ ವರ್ಷ ಜೂನ್ ತಿಂಗಳ ಎರಡನೆಯ ವಾರದಲ್ಲಿ ನಮ್ಮ ಶಾಲೆಗೆ ಕ್ರೀಡಾ ಸಾಮಗ್ರಿಯ ಒಂದು ಪೆಟ್ಟಿಗೆಯನ್ನು ತರಿಸಿಕೊಂಡೆವು. ಶಾಲೆಗಳಿಗೆ ಬೇಕಾದ 'ಸಂಪೂರ್ಣ ದೈಹಿಕ ಶಿಕ್ಷಣ ಕಿಟ್' ಎಂದು ಅದರ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಬೆಲೆ 9,850 ರೂಪಾಯಿ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರಕಾರಿ ಶಾಲೆಗಳಿಗೆ ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಹೈಸ್ಕೂಲಿಗೆ 25,000 ರೂಪಾಯಿಗಳ ವರೆಗೆ ವಾರ್ಷಿಕ ಅನುದಾನವಿದೆ. ನಾನು ವಿಚಾರಿಸಿದ ಮೂರು ಕಿಟ್‌ಗಳ ಬೆಲೆಯೂ ಆ 10,000ದ ಗೆರೆಯ ಒಳಗೇ ಇತ್ತು. ನಮ್ಮದು ಎಯ್ಡೆಡ್, ಎಂದರೆ ಸರಕಾರದ ಅನುದಾನ ಪಡೆಯುವ ಖಾಸಗಿ ಶಾಲೆಯಾದ್ದರಿಂದ ಹಣ ಒದಗಿದ್ದು ರಕ್ಷಕ ಶಿಕ್ಷಕ ಸಂಘದಿಂದ ಮತ್ತು ಹಳೆ ವಿದ್ಯಾರ್ಥಿಗಳಿಂದ. ಅಡಿಕೆಗೆ ಕೊಳೆರೋಗ ಬಡಿದ ವರ್ಷದಲ್ಲಿಯೂ ನೂರು, ಇನ್ನೂರು ಎಂದು ಕೊಟ್ಟವರ ದುಡ್ಡು ಅದು. ಆದ್ದರಿಂದ ಅದು ಎಲ್ಲಿ ಸಾರ್ಥಕವಾಯಿತು, ಎಲ್ಲಿ ವ್ಯರ್ಥವಾಯಿತು ಎಂಬುದನ್ನು ಸ್ಪಷ್ಟವಾಗಿ ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ತಯಾರಕರ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಇಂಥ ಕಿಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವಾಗಿರುವುದರಿಂದ ಹೆಸರಿಲ್ಲದೆಯೂ ಈ ವಿಮರ್ಶೆ ಕೊಳ್ಳುವವರಿಗೆ ಉಪಯೋಗಕ್ಕೆ ಬಂದೀತು.

ನಾನು ದೈಹಿಕ ಶಿಕ್ಷಣದ ತರಬೇತಿ ಪಡೆದವಳಲ್ಲ, ಗಣಿತದ ಟೀಚರ್. ನಮ್ಮ ಯು.ಪಿ., ಎಂದರೆ ಐದರಿಂದ ಏಳರ ವರೆಗಿನ ಹಿರಿಯ ಪ್ರಾಥಮಿಕ ವಿಭಾಗದ ಮೂರು ತರಗತಿಗಳಲ್ಲಿ ಒಟ್ಟು 84 ಮಕ್ಕಳಿದ್ದಾರೆ. ಯು.ಪಿ.ಯಲ್ಲಿ 500 ಮಕ್ಕಳಿದ್ದರಷ್ಟೇ ದೈಹಿಕ ಶಿಕ್ಷಣಕ್ಕೆ ಒಂದು ಹುದ್ದೆ ಎಂಬ ಲೆಕ್ಕ ಕೇರಳದಲ್ಲಿ ದಶಕಗಳ ಕಾಲ ನಡೆದುಬಂದಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಹಿರಿಯ ಪ್ರಾಥಮಿಕದಲ್ಲಿ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರು ಇರಬೇಕೆಂದು ಹೇಳುತ್ತದೆಯಾದರೂ ಅದು ಅನ್ವಯಿಸುವುದು ಮಕ್ಕಳ ಸಂಖ್ಯೆ 100ನ್ನು ದಾಟಿದಲ್ಲಿ ಮಾತ್ರ. ಹೀಗೆ ನಮ್ಮಂತಹ ಚಿಕ್ಕ ಕನ್ನಡ ಶಾಲೆಗಳು ಎರಡೂ ಜರಡಿಗಳಿಂದ ಕೆಳಗೆ ಬೀಳುತ್ತವೆ. ಹೆಡ್ ಮಾಸ್ಟ್ರು ನನ್ನನ್ನು ಕರೆದು, ಟೀಚರ್, ಆಟದ ಪೀರಿಯಡ್ ನೀವೇ ನೋಡಿಕೊಳ್ಳಬೇಕಷ್ಟೆ ಎಂದಾಗ, ಆ ಪೀರಿಯಡಿಗೆ ಏನಾದರೊಂದು ಆಧಾರ ಬೇಕೆಂದು ನಾನೇ ಕಿಟ್‌ನ ವಿಚಾರವನ್ನು ಮುಂದಿಟ್ಟೆ. ಸಂಪೂರ್ಣ ಎಂಬ ಮಾತನ್ನು ನಾನು ಅಷ್ಟರಮಟ್ಟಿಗೆ ನಂಬಿದ್ದೆ.

ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು: ಎರಡು ಫುಟ್‌ಬಾಲ್, ಎರಡು ವಾಲಿಬಾಲ್, ಒಂದು ನೆಟ್, ಹನ್ನೆರಡು ಸ್ಕಿಪ್ಪಿಂಗ್ ಹಗ್ಗ, ಆರು ಪ್ಲಾಸ್ಟಿಕ್ ರಿಂಗು, ಇಪ್ಪತ್ತು ಕೋನು, ಇಪ್ಪತ್ತು ಚಪ್ಪಟೆ ಮಾರ್ಕರ್, ಮಡಚುವ ಆರು ಹರ್ಡಲ್, ರಿಲೇ ಓಟದ ನಾಲ್ಕು ಬೇಟನ್, ಒಂದು ಗುಂಡು, ಒಂದು ಡಿಸ್ಕಸ್, 30 ಮೀಟರಿನ ಉಕ್ಕಿನ ಟೇಪು, ಒಂದು ಸ್ಟಾಪ್‌ವಾಚ್, ಎರಡು ಸೀಟಿ, ಗಾಳಿ ಹೊಡೆಯುವ ಪಂಪು ಮತ್ತು ಒಂದು ಕೈಪಿಡಿ. ಪೆಟ್ಟಿಗೆ ತೆರೆದ ದಿನ ಮಕ್ಕಳು ಕಿಟಕಿಯ ಸರಳುಗಳಿಗೆ ಮುಖವೊತ್ತಿ ನಿಂತಿದ್ದರು. ಹೊಸ ರಬ್ಬರಿನ ವಾಸನೆ ಸ್ಟಾಫ್ ರೂಮಿನಲ್ಲಿ ಎರಡು ದಿನ ಇತ್ತು.

ಮೊದಲು ಸೋತದ್ದು ಚೆಂಡುಗಳು. ಎರಡೂ ಫುಟ್‌ಬಾಲ್‌ಗಳು 5ನೆಯ ಸೈಜಿನವು, ಎಂದರೆ 68ರಿಂದ 70 ಸೆಂಟಿಮೀಟರ್ ಸುತ್ತಳತೆ, 410ರಿಂದ 450 ಗ್ರಾಂ ತೂಕ. ದೊಡ್ಡವರ ಪಂದ್ಯದಲ್ಲಿ ಬಳಸುವ ಚೆಂಡೇ ಇದು. ಹತ್ತು ಹನ್ನೊಂದು ವಯಸ್ಸಿನ ಮಕ್ಕಳಿಗೆ ಹೊಂದುವುದು 4ನೆಯ ಸೈಜು. ದೊಡ್ಡ ಚೆಂಡನ್ನು ಬರಿಗಾಲಿನಲ್ಲಿ ಒದೆಯಲು ಹೋದ ಐದನೆಯ ತರಗತಿಯ ಹುಡುಗಿಯರು ಎರಡು ಸಲ ಕಾಲು ಬೆರಳು ನೋಯಿಸಿಕೊಂಡ ಮೇಲೆ ಮೂರನೆಯ ಸಲ ಹತ್ತಿರವೇ ಬರಲಿಲ್ಲ. ಹುಡುಗಿಯರಿಗೆ ಫುಟ್‌ಬಾಲಿನಲ್ಲಿ ಆಸಕ್ತಿಯಿಲ್ಲ ಎಂದು ನಾವು ತೀರ್ಮಾನಿಸುವುದು ಇಂಥ ಕಡೆಗಳಲ್ಲಿಯೇ. ಅವರಿಗೆ ತಕ್ಕ ಚೆಂಡನ್ನು ನಾವು ಕೊಟ್ಟಿರುವುದೇ ಇಲ್ಲ. ಮೊಗ್ರಾಲಿನಂತಹ ಫುಟ್‌ಬಾಲ್ ಊರು ಇರುವ ಜಿಲ್ಲೆಯಲ್ಲಿ ಹೀಗಾಗುವುದು ನನಗೆ ಬಹಳ ಬೇಸರದ ಸಂಗತಿ. ಎರಡನೆಯ ದೋಷ ಹೊಲಿಗೆಯದು. ನಮ್ಮ ಶಾಲೆಯಿರುವುದು ಪದವಿನ, ಎಂದರೆ ಗುಡ್ಡದ ತುದಿಯ ಬಯಲಿನ ಮೇಲೆ, ಅಂಗಳವೆಲ್ಲ ಮುರಕಲ್ಲು (ಜಂಬಿಟ್ಟಿಗೆ). ಆ ಕಲ್ಲಿನ ಮೈ ಅರದ ಹಾಗೆ ಒರಟು. ಕೃತಕ ಚರ್ಮದ ತುಂಡುಗಳನ್ನು ದಾರದಿಂದ ಹೊಲಿದ ಚೆಂಡು ಅದರ ಮೇಲೆ ಉರುಳುವಾಗ ಮೊದಲು ತೇಯುವುದು ಹೊಲಿಗೆಯ ದಾರ, ಆಮೇಲೆ ಮೇಲ್ಪದರ. ಮಳೆ ಬಿಟ್ಟ ಮೇಲೆ ಹೊರಗೆ ತೆಗೆದ ಚೆಂಡು ಮೂರೇ ವಾರಗಳಲ್ಲಿ ಬಾಯಿ ಬಿಟ್ಟಿತು. ಹಳೆಯ ಕಪಾಟಿನಲ್ಲಿದ್ದ, ಹೊಲಿಗೆಯಿಲ್ಲದ ಅಚ್ಚಿನ ರಬ್ಬರ್ ಚೆಂಡೊಂದು ಇಂದಿಗೂ ಪುಟಿಯುತ್ತಿದೆ. ಮುರಕಲ್ಲಿನ ಅಂಗಳವಿರುವ ಶಾಲೆಯವರು ನೋಡಲು ಚಂದವಿಲ್ಲವೆಂದು ರಬ್ಬರ್ ಚೆಂಡನ್ನು ತಳ್ಳಿಹಾಕಬಾರದು. ಪಂಪಿನ ಸೂಜಿಯೂ ಎರಡನೆಯ ತಿಂಗಳಲ್ಲಿ ಮುರಿಯಿತು. ಅನಂತರ ಗಾಳಿ ತುಂಬಿಸಿದ್ದು ಪೇಟೆಯ ಸೈಕಲ್ ಅಂಗಡಿಯಲ್ಲಿ. ಸೂಜಿಯನ್ನು ಒದ್ದೆ ಮಾಡದೆ ಚುಚ್ಚಬಾರದು ಎಂಬ ಪಾಠವನ್ನು ಹೇಳಿಕೊಟ್ಟವರೂ ಆ ಅಂಗಡಿಯವರೇ. ಕೈಪಿಡಿಯಲ್ಲಿ ಆ ಮಾತಿರಲಿಲ್ಲ.

ಈ ಪೆಟ್ಟಿಗೆಯ ಬೆಲೆಯನ್ನು ಸಾರ್ಥಕಗೊಳಿಸಿದ್ದು ಆ ಹನ್ನೆರಡು ಸ್ಕಿಪ್ಪಿಂಗ್ ಹಗ್ಗಗಳು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ ಮತ್ತು ಅದರ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ನಮ್ಮಲ್ಲಿ ಶಾಲೆ ಶುರುವಾಗುವುದೂ ಜೂನ್‌ನಲ್ಲಿಯೇ, ಉಪಜಿಲ್ಲಾ ಕ್ರೀಡಾಕೂಟ ಮಳೆಯ ಬೆನ್ನಿಗೇ ಬರುತ್ತದೆ. ಅಭ್ಯಾಸ ಮಾಡಬೇಕಾದ ತಿಂಗಳುಗಳೆಲ್ಲ ನೀರಿನಲ್ಲಿ ಹೋಗುತ್ತವೆ. ಅಂಗಳ ಒಣಗಿ, ಓಡಲು ಯೋಗ್ಯವಾಗುವ ಹೊತ್ತಿಗೆ ಕೂಟ ಮುಗಿದಿರುತ್ತದೆ ಅಥವಾ ನಾಳೆ ಇರುತ್ತದೆ. ಮೈದಾನವನ್ನೇ ನಂಬಿದ ಸಾಮಗ್ರಿಗಳೆಲ್ಲ ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿ ಮಲಗಿದ್ದಾಗ ಹಗ್ಗಗಳು ಮಾತ್ರ ಜಗಲಿಯಲ್ಲಿ ಎಚ್ಚರವಾಗಿದ್ದವು. ನಮ್ಮ ಜಗಲಿಯ ಅಗಲ ಎರಡೂವರೆ ಮೀಟರ್, ಮಾಡಿನ ಹಂಚಿನಿಂದ ನೀರು ಇಳಿಯುವ ಅಂಚನ್ನು ಬಿಟ್ಟರೆ ಎರಡೇ ಮೀಟರ್. ಅಷ್ಟರಲ್ಲಿ ಆರು ಮಕ್ಕಳು ಒಂದೇ ಸಾಲಿನಲ್ಲಿ, ಒಬ್ಬರ ಹಗ್ಗ ಇನ್ನೊಬ್ಬರಿಗೆ ತಾಗದಂತೆ ನೆಗೆಯಬಹುದು, ಉಳಿದವರು ಎಣಿಸಬಹುದು. ನಮ್ಮ ಮಕ್ಕಳು ಕನ್ನಡದಲ್ಲಿ ನೂರರ ವರೆಗೆ ತಡವರಿಸದೆ ಎಣಿಸಲು ಕಲಿತದ್ದು ಬಹುಶಃ ಆ ಜಗಲಿಯಲ್ಲಿಯೇ ಹೆಚ್ಚು. ಹಗ್ಗಗಳೆಲ್ಲ ಒಂದೇ ಉದ್ದದವಾಗಿದ್ದದ್ದು ಒಂದು ಕೊರತೆ. ನಡುವೆ ಕಾಲಿಟ್ಟು ನಿಂತಾಗ ಹಿಡಿ ಕಂಕುಳಿನವರೆಗೆ ಬಂದರೆ ಉದ್ದ ಸರಿ; ಆ ಅಳತೆಯಲ್ಲಿ ನಾಲ್ಕು ಹಗ್ಗಗಳಿಗೆ ಹಿಡಿಯ ಬುಡದಲ್ಲಿ ಗಂಟು ಹಾಕಿ ಗಿಡ್ಡ ಮಾಡಿಕೊಂಡೆವು, ಗಂಟು ಹಾಕಿದವುಗಳ ಹಿಡಿಗೆ ಕೆಂಪು ಬಣ್ಣದ ಟೇಪು ಸುತ್ತಿದೆವು. ಜೂನ್‌ನಲ್ಲಿ ಐದು ನೆಗೆತಕ್ಕೆ ಉಸಿರು ಕಟ್ಟಿ ಗೋಡೆಗೊರಗುತ್ತಿದ್ದ ಆರನೆಯ ತರಗತಿಯ ಒಬ್ಬ ಹುಡುಗ ಆಗಸ್ಟ್ ಕೊನೆಗೆ ನಿಲ್ಲದೆ ಅರುವತ್ತೆರಡು ನೆಗೆದ. ಆ ದಿನ ಅವನು ಮುಖ ಒರೆಸಿಕೊಂಡು, ಟೀಚರ್, ಇನ್ನೊಮ್ಮೆ ಎಣಿಸ್ತೀರಾ ಎಂದು ಕೇಳಿದ್ದನ್ನು ನಾನು ಮರೆಯಲಾರೆ.

ಗುಂಡು ಮತ್ತು ಡಿಸ್ಕಸ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣವಾಗಿದೆ. ಗುಂಡಿನ ತೂಕ 4 ಕಿಲೋ, ಡಿಸ್ಕಸ್‌ನದು 1 ಕಿಲೋ. ಇವು ಅಂತಾರಾಷ್ಟ್ರೀಯ ಮಟ್ಟದ ಮಹಿಳಾ ಕ್ರೀಡಾಪಟುಗಳು ಎಸೆಯುವ ತೂಕಗಳು. ತರಬೇತಾದ ಅಧ್ಯಾಪಕರಿಲ್ಲದ ಪ್ರಾಥಮಿಕ ಶಾಲೆಗೆ ಇವನ್ನು ಕಳುಹಿಸುವುದು ಸರಿಯಲ್ಲ. 2019ರ ಅಕ್ಟೋಬರಿನಲ್ಲಿ ಪಾಲಾದಲ್ಲಿ ನಡೆದ ರಾಜ್ಯ ಜೂನಿಯರ್ ಅಥ್ಲೆಟಿಕ್ ಕೂಟದಲ್ಲಿ, ಸ್ವಯಂಸೇವಕನಾಗಿ ನಿಂತಿದ್ದ ಶಾಲಾ ವಿದ್ಯಾರ್ಥಿಯೊಬ್ಬ ಸ್ಪರ್ಧೆಯಲ್ಲಿ ಎಸೆದ ಹ್ಯಾಮರ್ (ತಂತಿಗೆ ಕಟ್ಟಿದ ಲೋಹದ ಗುಂಡು) ತಲೆಗೆ ಬಿದ್ದು ತೀರಿಕೊಂಡ ಘಟನೆ ಕೇರಳದ ಯಾವ ಅಧ್ಯಾಪಕರ ಮನಸ್ಸಿನಿಂದಲೂ ಅಳಿದಿರಲಾರದು. ತೀರ್ಪುಗಾರರಿದ್ದ ಮೈದಾನದಲ್ಲಿಯೇ ಹಾಗಾದರೆ, 40 ಮೀಟರ್ ಉದ್ದದ ಅಂಗಳದಲ್ಲಿ 30 ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳುವ ಗಣಿತದ ಟೀಚರ್ ಏನು ಮಾಡಬೇಕು? ನಾನು ಅವೆರಡನ್ನೂ ಮೊದಲ ದಿನವೇ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಎಸೆತದ ಅಭ್ಯಾಸಕ್ಕೆ ಹಳೆಯ ಬಟ್ಟೆಯ ಚೀಲದಲ್ಲಿ ಅರ್ಧ ಕಿಲೋ ಹೊಯಿಗೆ (ಮರಳು) ತುಂಬಿ ಬಾಯಿ ಹೊಲಿದುಕೊಂಡದ್ದು ಸಾಕಾಯಿತು.

ಚಪ್ಪಟೆ ಮಾರ್ಕರ್‌ಗಳು ಬಹಳ ಒಳ್ಳೆಯವು; ತುಳಿದರೂ ಒಡೆಯಲಿಲ್ಲ, ಗಾಳಿಗೆ ಹಾರಲಿಲ್ಲ. ಎತ್ತರದ ಕೋನುಗಳು ಪದವಿನ ಗಾಳಿಗೆ ನಿಲ್ಲುವುದೇ ಇಲ್ಲ, ಒಳಗೆ ಕಲ್ಲಿಡಬೇಕು. ಹರ್ಡಲ್‌ಗಳ ಕೀಲು ಒಂದೊಂದಾಗಿ ಮುರಿದು ಈಗ ಎರಡು ಉಳಿದಿವೆ. ಅಡಿಕೆ ಮರದ ಸೀಳನ್ನು ಎರಡು ಇಟ್ಟಿಗೆಗಳ ಮೇಲಿಟ್ಟರೆ ಅದಕ್ಕಿಂತ ವಾಸಿ, ಕಾಲು ತಾಗಿದರೆ ತಾನಾಗಿ ಬೀಳುತ್ತದೆ. ಉಕ್ಕಿನ ಟೇಪು ಮೊದಲ ಮಳೆಗಾಲದಲ್ಲಿಯೇ ತುಕ್ಕು ಹಿಡಿಯಿತು. ಸ್ಟಾಪ್‌ವಾಚ್ ಮತ್ತು ಬೇಟನ್‌ಗಳ ಬಗ್ಗೆ ದೂರಿಲ್ಲ.

ವಾಲಿಬಾಲ್ ನೆಟ್ ಇದೆ, ಕಟ್ಟಲು ಕಂಬಗಳಿಲ್ಲ. ಇದಕ್ಕಿಂತ ನನಗೆ ಹೆಚ್ಚು ಅಚ್ಚರಿಯಾದದ್ದು, ಇಷ್ಟೆಲ್ಲ ಇರುವ ಕಿಟ್‌ನ ಕೈಪಿಡಿಯಲ್ಲಿ ಕಬಡ್ಡಿಯ ಹೆಸರೇ ಇಲ್ಲದ್ದು. ಸುಣ್ಣದ ಪುಡಿಯಲ್ಲಿ ನಾಲ್ಕು ಗೆರೆ ಎಳೆದರೆ ಆಡಬಹುದಾದ, ನಮ್ಮ ಹಳ್ಳಿಗಳ ಪ್ರತಿ ಕ್ಲಬ್ಬಿನವರೂ ರಾತ್ರಿ ದೀಪ ಕಟ್ಟಿ ನಡೆಸುವ ಆಟ ಅದು; ಅಂಕಣಕ್ಕೆ ಮಹಿಳೆಯರ ಅಳತೆಯಾದ 12 ಮೀಟರ್ ಉದ್ದ, 8 ಮೀಟರ್ ಅಗಲ ಸಾಕು. ಮುರಕಲ್ಲಿನ ಮೇಲೆ ಆಡಿಸಬಾರದು ಎಂಬುದು ನಿಜ. ನಾವು ಗುಡ್ಡದ ಬದಿಯ ಮಣ್ಣನ್ನು ಹರಡಿ, ಗೋಣಿಚೀಲ ಹಾಸಿ ಒಂದು ಮೂಲೆಯನ್ನು ಸಿದ್ಧಪಡಿಸಿಕೊಂಡೆವು. ಕಿಟ್‌ನಲ್ಲಿ ಕ್ರಿಕೆಟ್ ಇಲ್ಲದ್ದನ್ನು ಮಾತ್ರ ನಾನು ದೋಷವೆಂದು ಹೇಳುವುದಿಲ್ಲ. ಕಾಸರಗೋಡಿನ ತಳಂಗರೆಯವರಾದ, ಕೇರಳ ತಂಡದ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ಮುಂಬಯಿ ವಿರುದ್ಧ 54 ಎಸೆತಗಳಲ್ಲಿ 137 ರನ್ ಹೊಡೆದದ್ದು ನಮ್ಮ ಹುಡುಗರಿಗೆಲ್ಲ ಬಾಯಿಪಾಠ, ಬ್ಯಾಟ್ ಎಲ್ಲಿ ಎಂದು ಅವರು ಕೇಳಿಯೇ ಕೇಳಿದರು. ಆದರೆ 40 ನಿಮಿಷದ ಪೀರಿಯಡಿನಲ್ಲಿ ಕ್ರಿಕೆಟ್ ಆಡಿಸಿದರೆ ಇಬ್ಬರು ಆಡುತ್ತಾರೆ, ಉಳಿದವರು ಬಿಸಿಲಿನಲ್ಲಿ ನಿಂತಿರುತ್ತಾರೆ.

ಕೈಪಿಡಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ನುಣುಪು ಕಾಗದದ 48 ಪುಟಗಳು, ಚಿತ್ರಗಳು ಸ್ಪಷ್ಟ, ಭಾಷೆ ಇಂಗ್ಲಿಷ್ ಮತ್ತು ಹಿಂದಿ. ಕನ್ನಡ ಇಲ್ಲ, ಮಲಯಾಳವೂ ಇಲ್ಲ. ಗಣಿತದ ಪುಸ್ತಕದಲ್ಲಿ ಒಂದು ವಾಕ್ಯ ಅರ್ಥವಾಗದಿದ್ದರೆ ಮಗು ಇನ್ನೊಮ್ಮೆ ಓದಬಹುದು, ಪಕ್ಕದವರನ್ನು ಕೇಳಬಹುದು. ಆಟದ ಅಂಗಳದಲ್ಲಿ ಅದಕ್ಕೆ ಸಮಯವಿಲ್ಲ. ನಿಲ್ಲು ಎಂದದ್ದು ಕಿವಿಗೆ ಬಿದ್ದ ಕ್ಷಣದಲ್ಲಿಯೇ ಕಾಲಿಗೆ ತಲುಪಬೇಕು; ತಲುಪದಿದ್ದರೆ ಇಬ್ಬರು ಡಿಕ್ಕಿ ಹೊಡೆಯುತ್ತಾರೆ. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗಲೆಲ್ಲ ಈ ಜಿಲ್ಲೆಯ ಹೆತ್ತವರು ಬೀದಿಗಿಳಿದಿದ್ದಾರೆ. ಆಗ ಗಣಿತ, ಸಮಾಜ ವಿಜ್ಞಾನಗಳ ಹೆಸರು ಕೇಳಿಬಂದಿದೆಯೇ ಹೊರತು ಆಟದ ಪಾಠಕ್ಕೂ ಭಾಷೆ ಬೇಕು ಎಂಬ ಮಾತು ಯಾರಿಗೂ ಹೊಳೆದಂತಿಲ್ಲ. ನಮ್ಮದನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ನನ್ನ ಒಂದೇ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವವರು, ಹವ್ಯಕ ಕನ್ನಡ ಆಡುವವರು, ಮರಾಟಿ, ಮಲಯಾಳ, ಬ್ಯಾರಿ ಆಡುವವರು ಇದ್ದಾರೆ. ಅವರೆಲ್ಲರನ್ನೂ ಒಟ್ಟಿಗೆ ನಿಲ್ಲಿಸುವುದು ಶಾಲೆಯ ಕನ್ನಡ. ಮಳೆಗಾಲದ ಬಿಡುವಿನಲ್ಲಿ ನಾನೂ ಹಿಂದಿ ಟೀಚರೂ ಕುಳಿತು ಕೈಪಿಡಿಯ ಇಪ್ಪತ್ತಾರು ಚಟುವಟಿಕೆಗಳನ್ನು ಕನ್ನಡಕ್ಕೆ ತಂದೆವು. ಮಂಡಿ ಮಡಚಿ ಕೆಳಗಿಳಿ, ಹಿಮ್ಮಡಿ ಎತ್ತಬೇಡ, ಎಡಗೈಯಿಂದ ಬಲಗೈಗೆ ಬೇಟನ್ ದಾಟಿಸು, ಹೀಗೆ ಒಂದೊಂದು ಸೂಚನೆಯೂ ಒಂದೇ ಉಸಿರಿನಲ್ಲಿ ಕೂಗುವಂತಿರಬೇಕು ಎಂಬುದು ನಮ್ಮ ನಿಯಮವಾಗಿತ್ತು. ಹಾಳೆಗಳನ್ನು ಜಗಲಿಯ ಗೋಡೆಗೆ ಅಂಟಿಸಿದ ಮೇಲೆ ಏಳನೆಯ ತರಗತಿಯ ಮಕ್ಕಳು ತಾವೇ ಓದಿ ಐದನೆಯವರಿಗೆ ಹೇಳಿಕೊಡತೊಡಗಿದರು. ಕರ್ನಾಟಕದಲ್ಲಿಯೂ ಮಾರಾಟವಾಗುವ ಕಿಟ್‌ಗೆ ಹತ್ತು ಪುಟದ ಕನ್ನಡ ಕೈಪಿಡಿ ಸೇರಿಸಲು ತಯಾರಕರಿಗೆ ಎಷ್ಟು ಖರ್ಚಾದೀತು?

ನಮ್ಮಲ್ಲಿ ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಹುಡುಗಿ ಇದ್ದಾಳೆ. ಇಡೀ ಕೈಪಿಡಿಯಲ್ಲಿ ಅವಳಂಥ ಮಗುವಿಗೆಂದು ಒಂದು ಚಟುವಟಿಕೆಯೂ ಇಲ್ಲ. ಎಂಡೋಸಲ್ಫಾನ್ ಕೀಟನಾಶಕದ ನೋವು ಉಂಡ ಎಣ್ಮಕಜೆಯಂತಹ ಪಂಚಾಯತುಗಳಿರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಸಣ್ಣ ಲೋಪವೆಂದು ಬಿಟ್ಟುಬಿಡಲಾಗದು. 2024ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ನಡೆದ ಕೇರಳ ಶಾಲಾ ಕ್ರೀಡಾಮೇಳದಲ್ಲಿ ವಿಶೇಷ ಚೇತನ ಮಕ್ಕಳೂ ಸ್ಪರ್ಧಿಸಿದರು; ಮೇಳದಲ್ಲಿ ಸಾಧ್ಯವಾದದ್ದು ಶುಕ್ರವಾರದ ಪೀರಿಯಡಿನಲ್ಲಿಯೂ ಸಾಧ್ಯವಾಗಬೇಕು. ಕಿಟ್‌ನ ಆರು ರಿಂಗುಗಳು ಇಲ್ಲಿ ಉಪಯೋಗಕ್ಕೆ ಬಂದವು. ನೆಲದ ಮೇಲೆ ರಿಂಗುಗಳನ್ನಿಟ್ಟು ಹೊಯಿಗೆಯ ಚೀಲವನ್ನು ಅದರೊಳಗೆ ಬೀಳುವಂತೆ ಎಸೆಯುವ ಆಟದಲ್ಲಿ ಎಲ್ಲರೂ ಬೆಂಚಿನ ಮೇಲೆ ಕುಳಿತೇ ಎಸೆಯಬೇಕೆಂದು ನಿಯಮ ಮಾಡಿದೆವು. ಮೂರನೆಯ ವಾರಕ್ಕೆ ಅವಳನ್ನು ಮೀರಿಸುವವರು ತರಗತಿಯಲ್ಲಿ ಇಬ್ಬರೇ ಉಳಿದರು.

ಯಾವ ಪೆಟ್ಟಿಗೆಯಿಂದಲೂ ಸಿಗದ ಸಾಮಗ್ರಿ ಸಮಯ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಬೇಕೆನ್ನುತ್ತದೆ. ನಮ್ಮ ವೇಳಾಪಟ್ಟಿಯಲ್ಲಿ ಇದ್ದದ್ದು ವಾರಕ್ಕೆ ಎರಡು ಪೀರಿಯಡ್, ಅವೂ ಪರೀಕ್ಷೆ ಹತ್ತಿರ ಬಂದರೆ ಗಣಿತಕ್ಕೆ, ಕಲೋತ್ಸವ ಹತ್ತಿರ ಬಂದರೆ ಹಾಡಿನ ಅಭ್ಯಾಸಕ್ಕೆ ಹೋಗುತ್ತಿದ್ದವು. ಹಿಂದಿನ ವರ್ಷಗಳಲ್ಲಿ ಆ ಪೀರಿಯಡನ್ನು ಕೇಳಿ ಪಡೆದು ಭಿನ್ನರಾಶಿ ಮುಗಿಸಿದವಳು ನಾನೇ, ಅದಕ್ಕೆ ನನಗೆ ಈಗ ವ್ಯಥೆಯಿದೆ. ಆಟದ ಬಯಲಿಲ್ಲದ ಶಾಲೆಗಳ ಮೇಲೆ ಕ್ರಮ ಕೈಗೊಳ್ಳಬೇಕೆಂದು ಕೇರಳ ಹೈಕೋರ್ಟು 2024ರ ಏಪ್ರಿಲ್‌ನಲ್ಲಿ ಹೇಳಿದ್ದು ದೊಡ್ಡ ಸಂಗತಿ; ಆಟದ ಪೀರಿಯಡಿಗೂ ಅಂಥದೇ ರಕ್ಷಣೆ ಬೇಕು. ನಮ್ಮ ಮಟ್ಟಿಗೆ ಸ್ಟಾಫ್ ಮೀಟಿಂಗಿನಲ್ಲಿ ಒಂದು ತೀರ್ಮಾನ ಮಾಡಿದೆವು: ಮಂಗಳವಾರ ಮತ್ತು ಶುಕ್ರವಾರದ ಆ ಪೀರಿಯಡನ್ನು ಯಾರೂ ಕೇಳಬಾರದು, ನಾನೂ ಕೊಡಬಾರದು. ಜನವರಿಯಿಂದ ಮಾರ್ಚಿನ ವರೆಗೆ ಮೂರು ಸಲ ಬಿಟ್ಟು ಉಳಿದೆಲ್ಲ ವಾರ ಅದನ್ನು ಉಳಿಸಿಕೊಂಡಿದ್ದೇವೆ.

ಅಂಗಡಿಯ ಸೇವೆಯ ಬಗ್ಗೆ ಎರಡು ಮಾತು. ಮಂಗಳೂರಿನಿಂದ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹಾಕಿ ಅದೇ ದಿನ ತಲುಪಿಸಿದರು, ಬಿಲ್ಲು ಸರಿಯಾಗಿತ್ತು. ಚೆಂಡಿನ ಸೈಜು ಬದಲಿಸಿಕೊಡಿ ಎಂದು ಕೇಳಿದಾಗ, ಕಿಟ್‌ನ ಸಾಮಾನನ್ನು ಬಿಡಿಯಾಗಿ ಬದಲಿಸಲಾಗದು ಟೀಚರ್, ಕಂಪೆನಿಯಿಂದ ಹಾಗೆಯೇ ಬರುವುದು ಎಂದರು. ಬಿಡಿಬಿಡಿಯಾಗಿ ಕೊಂಡರೆ ಬೆಲೆ ಎಷ್ಟಾದೀತೆಂದು ಕೇಳಿದರೆ ಅದನ್ನು ಮಾತ್ರ ತಾಳ್ಮೆಯಿಂದ ಬರೆದುಕೊಟ್ಟರು.

ಆ ಚೀಟಿಯನ್ನು ಮುಂದಿಟ್ಟುಕೊಂಡು ಈ ಮೇ ತಿಂಗಳಲ್ಲಿ ಹೊಸ ಪಟ್ಟಿ ಮಾಡಿದ್ದೇವೆ. ಅದರಲ್ಲಿ 4ನೆಯ ಸೈಜಿನ ಅಚ್ಚಿನ ರಬ್ಬರ್ ಚೆಂಡು ಆರು, ಹಗ್ಗ ಇಪ್ಪತ್ತನಾಲ್ಕು, ಚಪ್ಪಟೆ ಮಾರ್ಕರ್ ಇಪ್ಪತ್ತು, ರಿಂಗು ಹತ್ತು, ನಾರಿನ ಟೇಪು ಒಂದು ಮತ್ತು ಪಂಪಿನ ಸೂಜಿ ಐದು ಇವೆ. ಒಟ್ಟು ಮೊತ್ತ ಕಿಟ್‌ನ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಯು.ಪಿ. ಶಾಲೆಗೆ ಈ ಕಿಟ್ಟನ್ನು ಇಡಿಯಾಗಿ ಕೊಳ್ಳಿರೆಂದು ನಾನು ಹೇಳಲಾರೆ. ಒಳ್ಳೆಯ ಮೈದಾನವೂ ದೈಹಿಕ ಶಿಕ್ಷಣದ ಅಧ್ಯಾಪಕರೂ ಇರುವ ಹೈಸ್ಕೂಲಿಗೆ ಆದೀತು. ಉಳಿದ ಹಣದಲ್ಲಿ ಊರಿನ ಕಬಡ್ಡಿ ತಂಡದ ಹಳೆಯ ಆಟಗಾರರೊಬ್ಬರು ತಿಂಗಳಿಗೆರಡು ಶನಿವಾರ ಬಂದು ಹೇಳಿಕೊಡಲು ಅವರ ಪ್ರಯಾಣದ ಖರ್ಚನ್ನು ಕೊಡುವುದೆಂದು ರಕ್ಷಕ ಶಿಕ್ಷಕ ಸಂಘ ಒಪ್ಪಿದೆ. ಅವರು ಜೂನ್ ಮೊದಲ ಶನಿವಾರ ಬರುತ್ತಾರೆ, ಮಳೆಯಿದ್ದರೆ ಜಗಲಿಯಲ್ಲಿಯೇ.